ಗುಡ್ಡೆಗೇರಿನ ಗುರುತು

ಅಮ್ಮ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಸಿಟ್ಟು ಬಂದಾಗಲೂ ಇಲ್ಲ, ನಾನು ಜ್ವರ ಬಂದು ಮಲಗಿದಾಗಲೂ ಇಲ್ಲ. ನನಗೀಗ ಐವತ್ತು ದಾಟಿದೆ, ತಲೆ ನೆರೆತಿದೆ, ಅವಳಿಗೆ ನಾನು ಇನ್ನೂ ‘ಮಾಣಿ’. ಒಮ್ಮೆ ಬೆಂಗಳೂರಿನಲ್ಲಿ ಕುಂದಾಪುರದವರ ಹೋಟೆಲೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಕೈ ತೊಳೆದು ಬಂದವಳಿಗೆ ನಾನು ಕೂತ ಜಾಗ ಕಾಣದೆ ‘ಮಾಣೀ’ ಎಂದು ಕೂಗಿದಳು. ಲೋಟ ಎತ್ತುತ್ತಿದ್ದ ಹುಡುಗ ‘ಎಂತ ಬೇಕಮ್ಮ?’ ಎಂದು ಓಡಿ ಬಂದ. ಅವಳಿಗೆ ನಗು ತಡೆಯಲಾಗಲಿಲ್ಲ. ಮಾಣವಕ ಅಂದರೆ ವಟು, ಆ ಮಾತೇ ಸವೆದು ನಮ್ಮ ಹವ್ಯಕರ ಮನೆಗಳಲ್ಲಿ ಮಾಣಿಯಾಯಿತು, ಹೋಟೆಲಿನಲ್ಲೂ ಮಾಣಿಯಾಯಿತು ಎಂದು ನಾನು ಪಾಂಡಿತ್ಯ ಹೇಳಿದೆ. ‘ಇಬ್ಬರೂ ಬಂದ್ರಲಾ, ಸಾಕು’ ಅಂದಳು.

ಹೆಸರು ಹಿಡಿಯದಿರುವುದಕ್ಕೆ ಕಾರಣ ಸರಳ. ನಮ್ಮಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು. ಸೊಸೆಯಾದವಳು ಮಾವನ ಹೆಸರು ಹೇಳುವ ಹಾಗಿಲ್ಲ. ಹೆತ್ತ ಮಗನಿಗೆ ಆ ಹೆಸರು ಬಂದು ಕೂತಿತು ಎಂದಮಾತ್ರಕ್ಕೆ ಅದು ಹೇಳುವಂಥದ್ದಾಗುತ್ತದೆಯೆ? ಹಾಗಾಗಿ ಮನೆಮನೆಯಲ್ಲೂ ಮಾಣಿಯರು, ತಮ್ಮಂದಿರು, ಅಪ್ಪಿಗಳು, ಕೂಸುಗಳು. ಅಮ್ಮನ ನಿಯಮ ಅಷ್ಟಕ್ಕೇ ನಿಲ್ಲಲಿಲ್ಲ. ಇಡಗುಂಜಿಯ ದೇವರನ್ನು ಅವಳು ‘ಇಡಗುಂಜಿ ದೇವ್ರು’ ಎಂದಲ್ಲದೆ ಬೇರೆ ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ. ಭಾದ್ರಪದದ ಹಬ್ಬ ಬರೀ ‘ಚೌತಿ’. ಪಂಚಕಜ್ಜಾಯ ಮಾಡಿ, ಆರತಿ ಎತ್ತಿ, ಹಾಡು ಹೇಳುವಾಗಲೂ ವಕ್ರತುಂಡ, ಲಂಬೋದರ ಎಂದು ಸುತ್ತಿ ಬಳಸಿ ಹೋಗುತ್ತಿದ್ದಳೇ ಹೊರತು ನೇರ ಹಾದಿ ಹಿಡಿಯುತ್ತಿರಲಿಲ್ಲ. ಇಷ್ಟು ಹೇಳಿದ ಮೇಲೆ ನನ್ನ ಹೆಸರು ಓದುಗರಿಗೆ ಗೊತ್ತಾಗಿರಬೇಕು. ನಾನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅಮ್ಮ ಕನ್ನಡಕ ಹಾಕಿಕೊಂಡು ಇದನ್ನು ಓದುವವಳಿದ್ದಾಳೆ.

1979ರ ಜೂನಿನಲ್ಲಿ ನನ್ನನ್ನು ಶಾಲೆಗೆ ಹಾಕಲು ಕರೆದುಕೊಂಡು ಹೋದವಳು ಅವಳೇ. ಅಪ್ಪನಿಗೆ ತೋಟದಲ್ಲಿ ಕೊಳೆಮದ್ದು ಹೊಡೆಸುವ ಗಡಿಬಿಡಿ. ಗೇರುಸೊಪ್ಪೆಯ ಜೂನ್ ತಿಂಗಳ ಮಳೆ, ಶಾಲೆಯ ಹಂಚಿನ ಮೇಲೆ ಬಿದ್ದು ಒಳಗಿನ ಮಾತು ಕೇಳಗೊಡುತ್ತಿರಲಿಲ್ಲ. ಮಾಸ್ತರು ದಾಖಲಾತಿ ಪುಸ್ತಕ ಬಿಡಿಸಿಕೊಂಡು ‘ಹೆಸರು?’ ಎಂದರು.

‘ಮಾಣಿ’ ಎಂದಳು ಅಮ್ಮ.

‘ಮಾಣಿ ಅಲ್ರೀ, ಹೆಸರು.’

‘ಅವನ ಅಜ್ಜನ ಹೆಸರೇಯ.’

ಅಜ್ಜನ ಹೆಸರೇನು ಎಂದು ಮಾಸ್ತರು ಕೇಳಿದರು. ಅಮ್ಮ ಮಳೆ ನೋಡಿದಳು. ಮಾಸ್ತರು ನನ್ನ ಕಡೆ ತಿರುಗಿದರು. ನಾನು ಸೆರಗಿನ ಹಿಂದೆ ಸರಿದೆ. ನಿಜ ಹೇಳಬೇಕೆಂದರೆ ನನಗೂ ಅಷ್ಟು ಖಾತ್ರಿ ಇರಲಿಲ್ಲ. ಆಗ ನಮ್ಮ ಹಿಂದೆ ಮಗಳ ಕೈ ಹಿಡಿದು ನಿಂತಿದ್ದ ಗೌಡರ ಹೆಂಗಸೊಬ್ಬಳು, ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವಳು, ‘ಹೆಗಡೇರ ಹೆಸ್ರು ಹೇಳೂಕೆ ನಂಗೆಂತ ಅಡ್ಡಿ?’ ಎಂದು ಮಳೆಗಿಂತ ಗಟ್ಟಿಯಾಗಿ ಹೆಸರು ಹೇಳಿಬಿಟ್ಟಳು. ಅಮ್ಮ ಕಿವಿ ಮುಚ್ಚಿಕೊಳ್ಳಲಿಲ್ಲ ಅಷ್ಟೆ.

ಮುಂದಿನ ಪಾಳಿ ಅವಳದೇ. ಮಗಳ ಹೆಸರು ಸಲೀಸಾಗಿ ಹೇಳಿದಳು. ‘ಅಪ್ಪನ ಹೆಸರು?’ ಎಂದದ್ದೇ ತಡ, ಅವಳೂ ಮಳೆ ನೋಡಲು ಶುರುಮಾಡಿದಳು. ಗಂಡನ ಹೆಸರು ಬಾಯಿಗೆ ಬರಬೇಕಲ್ಲ. ಈ ಸಲ ಅಮ್ಮ ಹೇಳಿದಳು. ಒಬ್ಬರ ಬಾಯಿಗೆ ಬರದ ಹೆಸರನ್ನು ಇನ್ನೊಬ್ಬರು ಹೇಳಿಕೊಟ್ಟು ಇಬ್ಬರೂ ಕೊಡೆ ಬಿಡಿಸಿಕೊಂಡು ಒಟ್ಟಿಗೇ ಮನೆಗೆ ಹೋದರು. ನಾನೂ ಆ ಹುಡುಗಿಯೂ ಒಂದನೇ ಇಯತ್ತೆಯ ನೆಲದ ಮೇಲೆ ಉಳಿದೆವು.

ಆ ಹುಡುಗಿಯ ಹೆಸರು ವಾರದ್ದು. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತಿತ್ತು: ಸೋಮ, ಮಂಗಳಿ, ಬುದ್ಯ, ಸುಕ್ರ, ಸುಕ್ರಿ, ಶನಿಯಾರ. ಪಂಚಾಂಗ ಬೇಡ, ಜೋಯಿಸರು ಬೇಡ, ದಕ್ಷಿಣೆ ಬೇಡ. ಶಹರದಿಂದ ಬಂದವರು ಇದನ್ನು ಕೇಳಿ ಮರುಗುವುದುಂಟು. ಅಂಕೋಲೆಯ ಬಡಿಗೇರಿಯ ಹಾಲಕ್ಕಿ ಒಕ್ಕಲಿಗರ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ, ಶುಕ್ರವಾರದ ಆ ಹೆಸರು ರಾಷ್ಟ್ರಪತಿ ಭವನದಲ್ಲಿ ಕೂಗಿಸಿಕೊಂಡಿತು. ನನಗಂತೂ ಅವತ್ತು ನಮ್ಮ ಶಾಲೆಯ ಹಾಜರಿ ಪುಸ್ತಕವೇ ಕಿವಿಗೆ ಕೇಳಿದ ಹಾಗಾಯಿತು.

ಆ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನವರು ನಾಲ್ವರು. ಇಡಗುಂಜಿ ಹತ್ತಿರವಿದ್ದರೆ ಹೀಗೇ, ಗೋಕರ್ಣದ ಕಡೆ ಹೋದರೆ ಎಲ್ಲರೂ ಮಾಬ್ಲ, ಅಂದರೆ ಮಹಾಬಲ. ನಾಲ್ವರಲ್ಲಿ ಮೂವರು ಹೆಗಡೆ, ಒಬ್ಬ ನಾಯ್ಕ. ಮೂವರು ಹೆಗಡೆಗಳನ್ನು ಬೇರ್ಪಡಿಸಲು ನಡುವೆ ಅಪ್ಪನ ಹೆಸರು ಬೇಕು. ಆಮೇಲೆ ಕಾಲೇಜಿಗೆ ಹೋದಾಗ ಪುತ್ತೂರಿನ ಕಡೆಯ ದೂರದ ನೆಂಟರ ಹುಡುಗನೊಬ್ಬ ಸಿಕ್ಕ. ಅವನೂ ಹವ್ಯಕ, ಆದರೆ ಅವನ ಹೆಸರಿನ ಮುಂದೆ ಎರಡು ಇನಿಷಿಯಲ್, ಕೊನೆಗೆ ಭಟ್. ‘ನಿಂಗಳ ಹೆಸರು ತಲೆಕೆಳಗು’ ಎಂದು ಅವನು, ‘ನಿಮ್ಮದೇ ತಲೆಕೆಳಗು’ ಎಂದು ನಾನು. ಇದರ ಹಿಂದೆ ಬ್ರಿಟಿಷರ ಗೆರೆಯೊಂದಿದೆ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಒಂದೇ ಕೆನರಾ ಜಿಲ್ಲೆಯಾಗಿದ್ದದ್ದನ್ನು ಎರಡು ಮಾಡಿ, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟರು. ದಕ್ಷಿಣದ್ದು ಮದ್ರಾಸಿನಲ್ಲೇ ಉಳಿಯಿತು. ಮುಂಬಯಿಯ ಕಚೇರಿಗಳಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂಬ ಕ್ರಮ. ಮದ್ರಾಸಿನ ಕಡೆ ಊರು, ಅಪ್ಪ ಎರಡೂ ಮುಂದಿನ ಅಕ್ಷರಗಳಾಗುವ ಕ್ರಮ. ಕೋಟದ ಶಿವರಾಮ ಕಾರಂತರು ಕೆ. ಶಿವರಾಮ ಕಾರಂತರಾದದ್ದು ಹಾಗೆ. ಭಟ್ಕಳ ದಾಟಿ ಶಿರೂರಿಗೆ ಕಾಲಿಟ್ಟರೆ ಮಣ್ಣು ಅದೇ, ಮೀನು ಅದೇ, ಹೆಸರು ಬರೆಯುವ ರೀತಿ ಬೇರೆ. 1956ರಲ್ಲಿ ಎರಡೂ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಹೆಸರುಗಳು ಮಾತ್ರ ಇನ್ನೂ ಒಂದಾಗಿಲ್ಲ.

ಹೆಗಡೆ ಎಂದರೆ ಏನು ಎಂದು ಅಪ್ಪನನ್ನು ಕೇಳಿದ್ದೆ. ‘ದೊಡ್ಡವ’ ಎಂದು ಹೇಳಿ ಎಲೆಗೆ ಸುಣ್ಣ ಹಚ್ಚಿದ್ದ. ಶಾಸನಗಳಲ್ಲಿ ಪೆರ್ಗಡೆ, ಹೆಗ್ಗಡೆ ಎಂದು ಬರುವುದು ಅಧಿಕಾರಿಯ ಹುದ್ದೆ. ಎಂದೋ ಯಾವನೋ ರಾಜನಿಗೆ ಲೆಕ್ಕ ಒಪ್ಪಿಸಿದ ಹುದ್ದೆಯ ಹೆಸರು, ಅಡಿಕೆ ಮಂಡಿಯಲ್ಲಿ ಸಾಲ ಮಾಡಿಕೊಂಡಿದ್ದ ನಮ್ಮಪ್ಪನವರೆಗೂ ನಡೆದುಕೊಂಡು ಬಂದಿತ್ತು. ಕರಾವಳಿಯ ಅಡ್ಡಹೆಸರುಗಳಲ್ಲಿ ಅರ್ಧಕ್ಕರ್ಧ ಹೀಗೆ ಖಾಲಿಯಾದ ಖುರ್ಚಿಗಳು. ಶಾನಭಾಗ ಶಾಸನದ ಸೇನಬೋವ, ಊರ ಲೆಕ್ಕಿಗ. ಗೌಡ ಎಂದರೆ ಗಾವುಂಡ, ಊರ ಮುಖ್ಯಸ್ಥ. ನಾಡಕರ್ಣಿಯಲ್ಲಿ ನಾಡೂ ಇದೆ, ಕರಣಿಕನೂ ಇದ್ದಾನೆ. ಭಟ್ಕಳದ ನವಾಯತರಲ್ಲಿ ಶಾಬಂದ್ರಿ ಎಂಬ ಮನೆತನವಿದೆ. ಶಾಹ್ ಬಂದರ್ ಎಂದರೆ ಬಂದರಿನ ಅಧಿಕಾರಿ. ಕುದುರೆ ಇಳಿಯುತ್ತಿದ್ದ, ಮೆಣಸು ಏರುತ್ತಿದ್ದ ಬಂದರಿನ ಕಾಲ ಆ ಮೂರಕ್ಷರದಲ್ಲಿ ಉಳಿದಿದೆ.

ಆದರೆ ಎಲ್ಲರಿಗೂ ಖುರ್ಚಿ ಸಿಕ್ಕಿರಲಿಲ್ಲ. ನಮ್ಮ ತರಗತಿಯಲ್ಲಿದ್ದ ಮುಕ್ರಿಯರ ಹುಡುಗನ ಹೆಸರಿನ ಮುಂದೆ ಮುಕ್ರಿ ಎಂದೇ ಇತ್ತು. ಘಟ್ಟದ ಮೇಲೆ ಯಲ್ಲಾಪುರದ ಕಡೆ ಸಿದ್ದಿಯರ ಮಕ್ಕಳಿಗೆ ಸಿದ್ದಿ ಎಂದೇ. ಮಡಿವಾಳ, ಅಂಬಿಗ, ಆಚಾರಿ, ಕಸುಬೇ ಅಡ್ಡಹೆಸರು. ಅವರ ಮನೆಗಳಲ್ಲಿ ಅಡ್ಡಹೆಸರೆಂಬುದೇ ಬೇಕಾಗಿರಲಿಲ್ಲ. ಪುಸ್ತಕದ ಮೂರನೇ ಅಂಕಣ ಖಾಲಿ ಬಿಡಬಾರದೆಂದು ಯಾರೋ ಮಾಸ್ತರು ಜಾತಿಯನ್ನೇ ಅಲ್ಲಿ ತುಂಬಿರಬೇಕು ಎಂಬುದು ನನ್ನ ಅಂದಾಜು. ಅದರಿಂದಾದ ಅನುಕೂಲ ಮಾಸ್ತರಿಗೇ. ಜಾತಿ ಬೇರೆ ಕೇಳುವ ಕೆಲಸವಿಲ್ಲ, ಹೆಸರು ಕೂಗಿದರೆ ಸಾಕು, ಯಾರನ್ನು ಎಲ್ಲಿ ಕೂರಿಸಬೇಕು ಎಂಬುದು ಮಕ್ಕಳಿಗೂ ತಿಳಿದುಬಿಡುತ್ತಿತ್ತು. ನಾಯ್ಕ, ನಾಯಕ ಇವೆರಡರ ನಡುವಿನ ಒಂದು ಒತ್ತಕ್ಷರವೇ ನಮ್ಮ ಜಿಲ್ಲೆಯಲ್ಲಿ ಎರಡು ಜಾತಿ. ನಾಯ್ಕ ನಾಮಧಾರಿ, ನಾಯಕ ಅಂಕೋಲೆ ಕಡೆಯ ನಾಡವ. ಹೊರಗಿನವರು ಕಾಗುಣಿತದ ತಪ್ಪು ಎಂದುಕೊಳ್ಳುತ್ತಾರೆ. ಮದುವೆ ಮಾತಿಗೆ ಕೂತವರಿಗೆ ಗೊತ್ತು ಅದು ಕಾಗುಣಿತವಲ್ಲ ಎಂದು.

ಅಷ್ಟೊಂದು ಹೆಗಡೆಗಳ ನಡುವೆ ಒಬ್ಬನನ್ನು ಹಿಡಿಯುವುದು ಹೇಗೆ? ಮನೆಯ ಹೆಸರಿನಿಂದ. ಮೇಲಿನಮನೆ, ಕೆಳಗಿನಮನೆ, ಹಿತ್ಲಮನೆ. ಹೊನ್ನಾವರದ ಗುಣವಂತೆಯ ಹತ್ತಿರದ ಒಂದು ಕೆರೆಮನೆ ಯಕ್ಷಗಾನದಿಂದ ದೇಶಕ್ಕೇ ಗೊತ್ತಾಯಿತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಆಟವಿದೆ ಎಂದು ಯಾರೂ ಹೇಳುತ್ತಿರಲಿಲ್ಲ, ‘ಇವತ್ತು ಚಿಟ್ಟಾಣಿ ಇದ್ದ’ ಎಂದರೆ ಊರಿಗೆ ಊರೇ ಕಂಬಳಿ ಹೊದ್ದು ಹೊರಡುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು, ಮನೆತನದ ಹೆಸರು ಎರಡನ್ನೂ ಹಿಂದೆ ಹಾಕಿ ಹುಟ್ಟಿದ ಹಳ್ಳಿ ಆ ಮನುಷ್ಯನ ಹೆಸರಾಗಿತ್ತು.

ಊರನ್ನು ಹೆಸರಾಗಿ ಹೊತ್ತವರಲ್ಲಿ ದೊಡ್ಡ ಪಂಗಡ ಚಿತ್ರಾಪುರ ಸಾರಸ್ವತರದು. ಶಿರಾಲಿಯಲ್ಲಿ ಮಠ, ಮುಂಬಯಿಯಲ್ಲಿ ಮನೆ, ಹೆಸರಿನ ತುದಿಯಲ್ಲಿ ಕರಾವಳಿಯ ನಕಾಶೆ: ಕಾಯ್ಕಿಣಿ, ಹಳದೀಪುರ, ಮುರ್ಡೇಶ್ವರ, ಮಾವಿನಕುರ್ವೆ, ಬಿಜೂರು, ಗಂಗೊಳ್ಳಿ, ಬಸ್ರೂರು. 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿ, 1900ರ ಲಾಹೋರ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದ ನಾರಾಯಣ ಗಣೇಶ ಚಂದಾವರ್ಕರರ ಹೆಸರಿನಲ್ಲಿ ಕುಮಟೆಯ ಹತ್ತಿರದ ಚಂದಾವರವಿದೆ. ಮುಂಬಯಿಯ ಕತೆಗಳನ್ನು ಕನ್ನಡಕ್ಕೆ ಕೊಟ್ಟ ಗೋಕರ್ಣದ ಜಯಂತ ಕಾಯ್ಕಿಣಿಯವರ ಹೆಸರಿನಲ್ಲಿ ಭಟ್ಕಳ ತಾಲೂಕಿನ ಪುಟ್ಟ ಹಳ್ಳಿಯಿದೆ. ಹಾಗೆಯೇ ಗೇರಸಪ್ಪೆ ಎಂಬ ಅಡ್ಡಹೆಸರೂ ಇದೆ. ಇದು ನನಗೆ ಗೊತ್ತಾದದ್ದು 1986ರ ಡಿಸೆಂಬರಿನಲ್ಲಿ, ಆ ಅಡ್ಡಹೆಸರಿನ ಒಬ್ಬರು ಮುಂಬಯಿಯಿಂದ ಬಂದು ಹೊನ್ನಾವರದ ಬಸ್ಸಿನಿಂದ ಇಳಿದಾಗ.

ಚಾ ಅಂಗಡಿಯ ಮುಂದೆ ನಿಂತು ಅವರು ‘ಇಲ್ಲಿ ಗೇರಸಪ್ಪೆಯವರ ಮನೆ ಎಲ್ಲಿ?’ ಎಂದು ಕೊಂಕಣಿ ಬೆರೆತ ಕನ್ನಡದಲ್ಲಿ ಕೇಳಿದರು. ಬೆಂಚಿನ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ನಾವೆಲ್ಲಾ ಗೇರುಸೊಪ್ಪೆಯವ್ರೇ, ನಿಮಗೆ ಯಾರು ಬೇಕು?’ ಊರಿನಲ್ಲಿ ಇದ್ದವನಿಗೆ ಊರ ಹೆಸರು ಏನಕ್ಕೆ? ಬಿಟ್ಟು ಹೋದವರನ್ನು ಹೋದ ಊರಿನವರು ‘ಗೇರಸಪ್ಪೆಯಿಂದ ಬಂದವರು’ ಎಂದು ಕರೆದರು, ಅದು ಅಂಟಿಕೊಂಡಿತು. ಎಷ್ಟು ತಲೆಮಾರಿನ ಹಿಂದೆ ಎಂದು ಅವರಿಗೂ ಗೊತ್ತಿರಲಿಲ್ಲ. ಶಾಲೆಗೆ ರಜೆಯಿತ್ತು. ಅವರನ್ನು ನಗರಬಸ್ತಿಕೇರಿಗೆ ಕರೆದುಕೊಂಡು ಹೋಗಲು ಚಾ ಅಂಗಡಿಯವರು ನನ್ನನ್ನು ಕಳಿಸಿದರು.

ದಾರಿಯುದ್ದಕ್ಕೂ ಅವರು ಹೇಳುತ್ತ ಬಂದರು. ಈ ಊರಿಗೂ ಒಂದೇ ಹೆಸರಿರಲಿಲ್ಲವಂತೆ. ಕ್ಷೇಮಪುರ ಎಂದೂ ಇತ್ತು, ಭಲ್ಲಾತಕೀಪುರ ಎಂದೂ ಇತ್ತು, ಸೀಮೆಗೆ ನಗಿರೆ ಎಂಬ ಹೆಸರಿತ್ತು. ಇಲ್ಲಿಂದ ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಹೆಸರು ಹಿಡಿದು ಕರೆಯದೆ ಮೆಣಸಿನ ರಾಣಿ ಎಂದೇ ಕರೆದರು. ವ್ಯಾಪಾರಿಗಳಿಗೆ ಸಾಮಾನು ಮುಖ್ಯ ತಾನೇ. ಅವಳ ಕಾಲ ಮುಗಿದ ಮೇಲೆ, 1623ರಲ್ಲಿ, ಇಕ್ಕೇರಿಗೆ ಹೊರಟಿದ್ದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಬಂದಾಗ ನಗರ ಆಗಲೇ ಹಾಳು, ಕಾಡು ಹಬ್ಬಿತ್ತು. ಅವನೂ ಆ ರಾಣಿಯ ಬಗ್ಗೆ ಕೇಳಿ ಬರೆದುಕೊಂಡದ್ದು ಮೆಣಸಿನ ಹೆಸರನ್ನೇ. ಬ್ರಿಟಿಷರು ಬಂದ ಮೇಲೆ ನಮ್ಮೂರ ಹೆಸರನ್ನು ಎತ್ತಿ ಘಟ್ಟದ ಮೇಲಿನ ಜೋಗದ ಜಲಪಾತಕ್ಕೆ ಇಟ್ಟರು. ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಬಂದು ಅಲ್ಲಿಂದ ಘಟ್ಟ ಹತ್ತಬೇಕಿತ್ತಲ್ಲ, ಅದಕ್ಕೆ ಗೇರುಸೊಪ್ಪೆ ಫಾಲ್ಸ್. ಒಳಗಿನ ಧಾರೆಗಳಿಗೂ ರೋರರ್, ರಾಕೆಟ್ ಎಂದು ಇಟ್ಟು ಹೋದರು, ನಾವು ಇವತ್ತಿಗೂ ಹಾಗೇ ತೋರಿಸುತ್ತೇವೆ. ಜೋಗಕ್ಕೆ ಅದರ ಹೆಸರು ವಾಪಸು ಬಂತು. ಗೇರುಸೊಪ್ಪೆ ಎಂದರೆ ಈಗ ಪೇಪರಿನಲ್ಲಿ 240 ಮೆಗಾವಾಟಿನ ಶರಾವತಿ ಟೇಲ್‌ರೇಸ್.

ಚತುರ್ಮುಖ ಬಸದಿಯ ನಾಲ್ಕು ಬಾಗಿಲಲ್ಲೂ ಅವರು ಒಳಗೆ ಹೋಗಿ ಬಂದರು. ಯಾವ ಬಾಗಿಲಿನಿಂದ ನೋಡಿದರೂ ಎದುರಿಗೆ ಒಬ್ಬ ತೀರ್ಥಂಕರ. ಹೊರಗೆ ಬಂದು ಒಂದು ಮರದ ಕೆಳಗೆ ಕೂತರು. ನೆಲದ ಮೇಲೆ ಬಿದ್ದಿದ್ದ ಕಾಯಿಯೊಂದನ್ನು ಎತ್ತಿ, ‘ಗೋಡಂಬಿಯ ಮರಿ ಇದ್ದ ಹಾಗಿದೆ’ ಎಂದು ಕಿತ್ತಳೆ ಬಣ್ಣದ ಹಣ್ಣಿನ ತುದಿಯ ಕಪ್ಪು ಬೀಜವನ್ನು ಕಲ್ಲಿನಿಂದ ಜಜ್ಜಿದರು. ನಾನು ‘ಅಯ್ಯೋ, ಮುಟ್ಟಬೇಡಿ, ಅದು ಗುಡ್ಡೆಗೇರು’ ಎನ್ನುವಷ್ಟರಲ್ಲಿ ಕಪ್ಪು ರಸ ಬೆರಳ ಸಂದಿಗೆ ಇಳಿದಿತ್ತು.

ಗೇರು ಎಂದರೆ ಈಗ ಎಲ್ಲರಿಗೂ ಗೋಡಂಬಿ. ಅದು ಬ್ರೆಜಿಲಿನದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಭಲ್ಲಾತಕೀಪುರದ ಭಲ್ಲಾತಕ ಅದಲ್ಲ, ಕೈಸುಡುವ ಈ ಕಾಡುಮರ, ಕೇರು. ಹೊರಗಿನಿಂದ ಬಂದ ಮರ ಹೆಸರನ್ನು ತೆಗೆದುಕೊಂಡಿತು, ಇಲ್ಲೇ ಇದ್ದದ್ದು ‘ಗುಡ್ಡೆ’ ಎಂಬ ಅಡ್ಡಹೆಸರು ಹಚ್ಚಿಕೊಂಡು ಗುಡ್ಡಕ್ಕೆ ಹೋಯಿತು. ನಮ್ಮೂರ ಮಡಿವಾಳರ ಅಜ್ಜಿಗೆ ಮಾತ್ರ ಗುಡ್ಡೆಗೇರೇ ಗೇರು. ಸೂಜಿಯನ್ನು ಬೀಜಕ್ಕೆ ಚುಚ್ಚಿ, ಪಂಚೆಯ ಅಂಚಿನಲ್ಲಿ ಚುಕ್ಕೆ ಇಟ್ಟು, ಮೇಲೆ ಸುಣ್ಣ ಸವರುತ್ತಿದ್ದಳು. ಬೂದುಬಣ್ಣದ ಚುಕ್ಕೆ ನೋಡನೋಡುತ್ತ ಕಪ್ಪಾಗುತ್ತಿತ್ತು. ಬಟ್ಟೆ ಹರಿದು ಕೈಮಸಿಯಾದರೂ ಗುರುತು ಹೋಗುತ್ತಿರಲಿಲ್ಲ. ನಮ್ಮ ಮನೆಯದು ಮೂರು ಚುಕ್ಕೆ, ಒಂದು ಡೊಂಕು ಗೆರೆ. ಅಜ್ಜನ ಪಂಚೆಗೂ ಅದೇ, ಅಪ್ಪನದಕ್ಕೂ ಅದೇ, ನನ್ನ ಉಪನಯನದ ಮಡಿಗೂ ಅದೇ. ಓದು ಬಾರದ ಆಕೆಯ ಕೈಯಲ್ಲಿ ಮನೆಗೆ ಒಂದೊಂದು ಅಕ್ಷರವಿತ್ತು, ಮನುಷ್ಯರಿಗೆ ಬೇರೆ ಬೇರೆ ಇರಲಿಲ್ಲ.

ಒಂದು ತಿಂಗಳ ಮೇಲೆ ಮುಂಬಯಿಯಿಂದ ಚಾ ಅಂಗಡಿಯ ವಿಳಾಸಕ್ಕೆ ನನಗೊಂದು ಕಾರ್ಡು ಬಂತು. ಕೈ ಬೊಬ್ಬೆಯೆದ್ದು ಹದಿನೈದು ದಿನ ಬ್ಯಾಂಡೇಜು ಕಟ್ಟಿದ್ದರಂತೆ. ‘ಈಗ ನಾನು ಖರೇ ಗೇರಸಪ್ಪೆಯವನಾದೆ’ ಎಂದು ಬರೆದಿದ್ದರು.

ನಮ್ಮ ಮನೆಯ ಅಜ್ಜಿಯ ಮಾತು ಬಿಟ್ಟರೆ ಅಪಚಾರವಾದೀತು. ಅವಳಿಗೆ ಎರಡು ಹೆಸರು. ಹುಟ್ಟಿದ ಮನೆಯಲ್ಲಿ ಇಟ್ಟದ್ದು ನದಿಯ ಹೆಸರು, ಮದುವೆಯ ದಿನ ಹರಿವಾಣದ ಅಕ್ಕಿಯ ಮೇಲೆ ಬರೆದದ್ದು ದೇವಿಯ ಹೆಸರು. ಎರಡನೆಯದೇ ಪಹಣಿಯಲ್ಲಿ, ರೇಷನ್ ಕಾರ್ಡಿನಲ್ಲಿ, ಕೊನೆಗೆ ತಿಥಿಯ ಮಂತ್ರದಲ್ಲಿ. ಅವಳ ಅಣ್ಣ ವರ್ಷಕ್ಕೊಮ್ಮೆ ಹಲಸಿನ ಹಪ್ಪಳದ ಕಟ್ಟು ಹಿಡಿದು ಬರುತ್ತಿದ್ದವನು ಮಾತ್ರ ದಣಪೆಯ ಆಚೆಯಿಂದಲೇ ಆ ಹಳೆಯ ಹೆಸರು ಕೂಗುತ್ತಿದ್ದ. ಕಿವಿ ಮಂದವಾಗಿದ್ದ ಅಜ್ಜಿ, ನಾವು ನಾಲ್ಕು ಸಲ ಕೂಗಿದರೂ ಏಳದವಳು, ಅದೊಂದು ಕೂಗಿಗೆ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವನು ಸತ್ತ ಸುದ್ದಿ ಬಂದಾಗ ಅಳಲಿಲ್ಲ. ಬಹಳ ಹೊತ್ತಿನ ಮೇಲೆ ‘ಇನ್ನು ಆ ಹೆಸರು ಹೇಳುವವು ಯಾರೂ ಇಲ್ಲೆ’ ಎಂದಳು. ಅದು ಯಾವ ಹೆಸರೆಂದು ಮನೆಯ ಅರ್ಧ ಮಕ್ಕಳಿಗೆ ಗೊತ್ತಿರಲಿಲ್ಲ.

ಹೋದ ವರ್ಷ ಅಮ್ಮನನ್ನು ಹೊನ್ನಾವರದ ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪನ ಖಾತೆಯಲ್ಲಿದ್ದ ಠೇವಣಿ ಅವಳ ಹೆಸರಿಗೆ ಬರಬೇಕಿತ್ತು. ಅದಕ್ಕೆ ಮೊದಲು ಮೂರು ಸಲ ಅಲೆದಿದ್ದೆವು, ಒಂದು ಕಾಗದದಲ್ಲಿ ಹೆಗಡೆಗೆ ಇಂಗ್ಲಿಷಿನ ‘ಎ’ ಒಂದು ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಅದೆಲ್ಲ ಮುಗಿದು ಅವತ್ತು ಉಳಿದದ್ದು ನಾಮಿನಿಯ ಫಾರಂ ಮಾತ್ರ. ನಾನು ಫೋನು ಬಂತೆಂದು ಹೊರಗೆ ನಿಂತಿದ್ದೆ. ಗಾಜಿನ ಆಚೆ ಕೌಂಟರಿನ ಹುಡುಗಿ ಏನೋ ಕೇಳುತ್ತಿದ್ದಳು, ಅಮ್ಮ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಏನು ಕೇಳಿರಬಹುದು ಎಂದು ಗೊತ್ತಾಗಲು ನನಗೆ ತಡವಾಗಲಿಲ್ಲ. ಒಳಗೆ ಓಡಿದೆ. ಅಷ್ಟರಲ್ಲಿ ಅಮ್ಮ ಕೈ ಚಾಚಿ ಹುಡುಗಿಯ ಪೆನ್ನು ಇಸಿದುಕೊಂಡಿದ್ದಳು.

ನಾಲ್ಕನೇ ಇಯತ್ತೆಯವರೆಗೆ ಓದಿದ ಕೈ. ಅಕ್ಷರ ಒಂದೊಂದಾಗಿ, ದುಂಡಗೆ, ಗೆರೆಯ ಮೇಲೆ ಕೂರಿಸಿ ಬರೆದಳು. ನನ್ನ ಹೆಸರು, ಅಪ್ಪನ ಹೆಸರು, ಹೆಗಡೆ. ಬರೆದು ಮುಗಿಸಿ ಒಮ್ಮೆ ಓದಿಕೊಂಡಳು, ತುಟಿ ಅಲುಗಲಿಲ್ಲ.

ನಾನು ಬಾಯಿ ಬಿಟ್ಟುಕೊಂಡು ನಿಂತದ್ದು ನೋಡಿ, ‘ಹೇಳುಲಾಗ, ಬರೆಯುಲೆ ಅಡ್ಡಿಲ್ಲೆ’ ಎಂದಳು. ಪೆನ್ನಿಗೆ ಟೊಪ್ಪಿ ಹಾಕಿ ಹುಡುಗಿಗೆ ಕೊಟ್ಟು, ಚೀಲ ಎತ್ತಿಕೊಂಡಳು. ‘ನಡೆ ಮಾಣಿ, ಹೊತ್ತಾತು. ಬಸ್ಸು ಹೋಗ್ತು.’